ಓದಬಲ್ಲ ಲಿಪಿಯಲ್ಲೊಂದು ಪುಸ್ತಕ

ರಟ್ಟಿನ ಡಬ್ಬಿಗೆ ಸೂಜಿಯಿಂದ ಒಂದು ರಂಧ್ರ ಮಾಡಿ ಎದುರಿಗೆ ಮೇಣದಬತ್ತಿ ಹಚ್ಚಿಟ್ಟರೆ, ಹಿಂಬದಿಯ ಎಣ್ಣೆಕಾಗದದ ಮೇಲೆ ಜ್ವಾಲೆ ತಲೆಕೆಳಗಾಗಿ ಮೂಡುತ್ತದೆ. ಗುಂಡ್ಲುಪೇಟೆಯಲ್ಲಿದ್ದಾಗ ಈ ಪ್ರಯೋಗ ತೋರಿಸುತ್ತಾ ಇಬ್ನ್ ಅಲ್ ಹೈತಮ್ ಅವರ ಹೆಸರು ಹೇಳಿದೆ. 965ರ ಸುಮಾರಿಗೆ ಬಸ್ರಾದಲ್ಲಿ ಹುಟ್ಟಿ, ಬೆಳಕನ್ನು ಕುರಿತು ಅರಬ್ಬಿಯಲ್ಲಿ ಏಳು ಭಾಗಗಳ ಗ್ರಂಥ ಬರೆದವರು ಅವರು. ಹಿಂದಿನವರು ಹೇಳಿದ್ದನ್ನು ಪರೀಕ್ಷಿಸದೆ ಒಪ್ಪಬಾರದು ಎಂಬುದು ಅವರ ನಿಲುವು.

ಗಂಟೆ ಹೊಡೆದ ಮೇಲೆ ಒಬ್ಬ ಹುಡುಗ ಬಂದು, "ಸಾರ್, ಅವರ ಪುಸ್ತಕ ಕನ್ನಡದಲ್ಲಿ ಸಿಗುತ್ತಾ?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಮನೆಯಲ್ಲಿ ಯಾವ ಪುಸ್ತಕಗಳಿವೆ ಎಂದು ಕೇಳಿದೆ. "ಇವೆ ಸಾರ್. ಅರಬ್ಬಿ ಓದ್ತೀನಿ, ಅರ್ಥ ಗೊತ್ತಿಲ್ಲ. ಉರ್ದು ಮಾತಾಡ್ತೀನಿ, ಓದೋಕೆ ಬರಲ್ಲ."

ನಮ್ಮ ಕಡೆ ಕನ್ನಡ ಮಾಧ್ಯಮದಲ್ಲಿ ಓದುವ ಎಷ್ಟೋ ಮುಸ್ಲಿಂ ಮಕ್ಕಳ ಸ್ಥಿತಿ ಇದೇ. ನಮಾಜಿಗೆ ಒಂದು ಭಾಷೆ, ಮನೆಗೆ ಇನ್ನೊಂದು, ಓದಿಗೆ ಮತ್ತೊಂದು. ಅವರು ಅರ್ಥಮಾಡಿಕೊಂಡು ಸರಾಗವಾಗಿ ಓದಬಲ್ಲ ಲಿಪಿ ಕನ್ನಡವೊಂದೇ. ಆ ಲಿಪಿಯಲ್ಲಿ ಬಾರದ ಪುಸ್ತಕ ಎಷ್ಟೇ ದೊಡ್ಡದಾದರೂ ಕಪಾಟಿನಲ್ಲೇ ಉಳಿಯುತ್ತದೆ.

ಕರಾವಳಿಯವರು ಇದನ್ನು ಮೊದಲೇ ಅರಿತರು. ಬ್ಯಾರಿ ಮನೆಗಳ ಮಕ್ಕಳು ಶಾಲೆಯಲ್ಲಿ ಕಲಿತದ್ದು ಕನ್ನಡ. ಹೀಗಾಗಿ ಮಂಗಳೂರಿನಲ್ಲಿ 1978ರಲ್ಲಿ 'ಸನ್ಮಾರ್ಗ' ವಾರಪತ್ರಿಕೆ ಹುಟ್ಟಿತು; ಮುಂದೆ ಶಾಂತಿ ಪ್ರಕಾಶನ ಧಾರ್ಮಿಕ ಗ್ರಂಥಗಳನ್ನು ಕನ್ನಡದಲ್ಲಿ ತಂದಿತು. ಬಾಯಿಪಾಠ ಮಾಡಿದ್ದರ ಅರ್ಥ ಮೊದಲ ಬಾರಿ ತಿಳಿದಾಗ ಮಕ್ಕಳಿಗಾಗುವ ಸಂತೋಷವೇ ಬೇರೆ. ಕುರ್‌ಆನ್‌ನಲ್ಲಿ ಮೊದಲು ಅವತೀರ್ಣವಾದ ಮಾತು 'ಓದು' ಎಂಬುದು ಪರಂಪರೆಯ ನಂಬಿಕೆ. ಬೊಳುವಾರು ಮಹಮದ್ ಕುಂಞಿಯವರು ಪ್ರವಾದಿಯವರ ಜೀವನವನ್ನು ಆಧರಿಸಿದ ತಮ್ಮ ಕಾದಂಬರಿಗೆ 'ಓದಿರಿ' ಎಂದೇ ಹೆಸರಿಟ್ಟರು.

ಎಳೆಯರನ್ನು ಸೆಳೆಯುವ ಇನ್ನೊಂದು ಬಗೆಯಿದೆ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಧರ್ಮಬೋಧೆಯಲ್ಲ. ತಲಾಖಿನ ಸಂಕಟದಲ್ಲಿ ಸಿಕ್ಕ ಹೆಣ್ಣಿನ ಕಥೆ. ಅದನ್ನು ಒಬ್ಬ ವಿದ್ಯಾರ್ಥಿನಿಗೆ ಕೊಟ್ಟಿದ್ದೆ. ಚಾಮರಾಜನಗರದಲ್ಲಿ ಅವಳ ತಂದೆ ಎದುರಾಗಿ, "ಮೇಷ್ಟ್ರೇ, ಮಕ್ಕಳಿಗೆ ಇಂಥದ್ದೆಲ್ಲ ಯಾಕೆ?" ಎಂದರು. "ಮೊದಲು ನೀವು ಓದಿ ನೋಡಿ" ಎಂದೆ. ಹದಿನೈದು ದಿನ ಪುಸ್ತಕ ಅವರ ಅಂಗಡಿಯಲ್ಲೇ ಇತ್ತು. ಹಿಂದಿರುಗಿಸುವಾಗ ಹೊಗಳಲಿಲ್ಲ, ಬೈಯಲೂ ಇಲ್ಲ. ಮಗಳು ಗ್ರಂಥಾಲಯಕ್ಕೆ ಹೋಗುವುದನ್ನಂತೂ ತಡೆಯಲಿಲ್ಲ. ನನಗೆ ಅಷ್ಟೇ ಸಾಕಾಗಿತ್ತು.

ಉರ್ದು ಮಾತಾಡುವ ಮನೆಯ ಬಾನು ಮುಷ್ತಾಕ್ ಅವರನ್ನು ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿಕೊಂಡದ್ದು, ಆರು ತಿಂಗಳಲ್ಲಿ ಕನ್ನಡ ಕಲಿಯಬೇಕೆಂಬ ಷರತ್ತಿನ ಮೇಲೆ. ಆ ಬಾಲಕಿಯ ಕಥೆಗಳೇ ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು.

ಪೋಷಕರೇ, ಎರಡು ಬಗೆಯ ಪುಸ್ತಕಗಳೂ ಮಕ್ಕಳ ಕೈಗೆ ಸಿಗಲಿ. ಒಂದು, ಅವರು ಪ್ರಾರ್ಥಿಸುವ ಮಾತಿನ ಅರ್ಥ ಹೇಳುತ್ತದೆ. ಇನ್ನೊಂದು, ಅವರು ಬದುಕುವ ಮನೆಯನ್ನು ತೋರಿಸುತ್ತದೆ. ಮಗು ಅರ್ಥ ಕೇಳಿದಾಗ ಗದರಬೇಡಿ. ಗೊತ್ತಿಲ್ಲದಿದ್ದರೆ ಜೊತೆಯಲ್ಲಿ ಕೂತು ಓದಿ. ಆ ಹುಡುಗನಿಗೆ ಅಂದು ನಾನು ಹೇಳಬೇಕಿದ್ದದ್ದೂ ಅದನ್ನೇ.