ನಿಯಮ ಗೇಟಿನಲ್ಲಿರಲಿ

ಘಾಟ್ಕೋಪರ್‌ನಲ್ಲಿ ಲೋಕಲ್ ಇಳಿದು ಮೆಟ್ರೊ ಹಿಡಿಯುವವರಿಗೆ ಈ ವ್ಯತ್ಯಾಸ ಗೊತ್ತು. ಲೋಕಲ್‌ನಲ್ಲಿ ಟಿಕೆಟ್ ನಮ್ಮ ಪ್ರಾಮಾಣಿಕತೆಗೆ ಬಿಟ್ಟದ್ದು. ಟಿಸಿ ಕೈಗೆ ಸಿಕ್ಕರೆ ದಂಡ. 2014ರಲ್ಲಿ ಶುರುವಾದ ವರ್ಸೋವಾ ಮೆಟ್ರೊದಲ್ಲಿ ಟಿಕೆಟ್ ಇಲ್ಲದಿದ್ದರೆ ಗೇಟೇ ತೆರೆಯದು. ನಮ್ಮ ಎಷ್ಟೋ ಸಾಫ್ಟ್‌ವೇರ್ ತಂಡಗಳು ಕೋಡ್ ನಿಯಮಗಳನ್ನು ಇನ್ನೂ ಲೋಕಲ್ ರೈಲಿನಂತೆಯೇ ನಡೆಸುತ್ತಿವೆ.

ಸಾಲು ಮುಗಿಯಿತು ಎನ್ನಲು ವಿಂಡೋಸ್ ಎರಡು ಅಕ್ಷರ ಬಳಸುತ್ತದೆ, ಲಿನಕ್ಸ್ ಒಂದು. ಕಣ್ಣಿಗೆ ಕಾಣದ ಈ ಅಕ್ಷರದಿಂದಾಗಿ, ಒಂದೇ ಸಾಲು ತಿದ್ದಿದವರು ಇಡೀ ಫೈಲನ್ನೇ ಬದಲಿಸಿದಂತೆ ಗಿಟ್ ತೋರಿಸಬಹುದು. ಶೆಲ್ ಸ್ಕ್ರಿಪ್ಟ್ ಆದರೆ ಸರ್ವರ್‌ನಲ್ಲಿ ಓಡುವುದೇ ಇಲ್ಲ. (ಕನ್ನಡದ ಪಾಡು ಇನ್ನೂ ಸೂಕ್ಷ್ಮ: ‘ಕೊ’ದ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಎರಡಾಗಿಯೂ ಬರೆಯಬಹುದು. ನೋಡಲು ಒಂದೇ, ಹುಡುಕಿದರೆ ಸಿಗದು.) ಆಗ ಗೂಬೆ ಕೂರುವುದು ಹುಬ್ಬಳ್ಳಿಯಿಂದಲೋ ಕಲಬುರಗಿಯಿಂದಲೋ ಮೊದಲ ಕೆಲಸಕ್ಕೆ ಬಂದವರ ತಲೆಯ ಮೇಲೆ. ‘ಸೆಟ್ಟಿಂಗ್ ಸರಿ ಮಾಡಿಕೊಳ್ಳಬಾರದಿತ್ತಾ?’ ಎಂಬ ಪ್ರಶ್ನೆ. ಆ ಸೆಟ್ಟಿಂಗ್ ಇದೆಯೆಂದು ಅವರಿಗೆ ಹೇಳಿದವರು ಯಾರು?

ಹುಕ್ ಬರೆದಿದ್ದೇವೆ ಎನ್ನುತ್ತಾರೆ ಹಿರಿಯರು. ರೆಪೊ ಕ್ಲೋನ್ ಮಾಡಿದರೆ ಹುಕ್ ಜತೆಗೆ ಬರುವುದಿಲ್ಲ. ಇದು ಗಿಟ್‌ನ ಕೊರತೆಯಲ್ಲ. ಗುರುತಿಲ್ಲದವರ ರೆಪೊ ಇಳಿಸಿದ ಕೂಡಲೇ ಅವರ ಸ್ಕ್ರಿಪ್ಟ್ ನಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡುವಂತಿದ್ದರೆ ಮನೆಯ ಕೀಲಿಕೈ ಕೊಟ್ಟಂತೆಯೇ. 2016ರ ಗಿಟ್ 2.9ರಲ್ಲಿ ಹುಕ್‌ಗಳ ಫೋಲ್ಡರ್ ಯಾವುದೆಂದು ಸೂಚಿಸುವ ಸೌಲಭ್ಯ ಬಂತು. ಅದನ್ನೂ ಪ್ರತಿಯೊಬ್ಬರೂ ತಾವೇ ಹಾಕಿಕೊಳ್ಳಬೇಕು. ಹಾಕಿಕೊಂಡರೂ ಕಮಿಟ್ ಮಾಡುವಾಗ ‘ನೋ-ವೆರಿಫೈ’ ಎಂದರೆ ಮುಗಿಯಿತು.

ಆದ್ದರಿಂದ ಸಾಲಿನ ಕೊನೆ, ಅಕ್ಷರ ಸಂಕೇತ, ಇಂಡೆಂಟ್ ಇವೆಲ್ಲ ರೆಪೊ ಒಳಗೇ, ಗಿಟ್‌ಆಟ್ರಿಬ್ಯೂಟ್ಸ್ ಮತ್ತು ಎಡಿಟರ್‌ಕಾನ್ಫಿಗ್ ಫೈಲುಗಳಲ್ಲಿ ಇರಬೇಕು. ತಪಾಸಣೆ ಸರ್ವರ್‌ನಲ್ಲಿ, ಕೋಡ್ ಮುಖ್ಯ ಶಾಖೆಗೆ ಸೇರುವ ಮುನ್ನ ನಡೆಯಬೇಕು. ಲ್ಯಾಪ್‌ಟಾಪ್‌ನ ಹುಕ್ ಇರಲಿ, ತಪ್ಪು ಬೇಗ ತಿಳಿಯಲು ಅನುಕೂಲ. ಆದರೆ ಅದನ್ನು ಕಾವಲು ಎಂದುಕೊಳ್ಳಬಾರದು. ಗೇಟ್ ಹಾಕುವ ಮೊದಲು ಹಳೆಯ ಫೈಲುಗಳನ್ನೆಲ್ಲ ಒಂದೇ ಪ್ರತ್ಯೇಕ ಕಮಿಟ್‌ನಲ್ಲಿ ಸರಿಪಡಿಸಬೇಕು. ಇಲ್ಲದಿದ್ದರೆ ಹಳಬರ ಕಸ ಗುಡಿಸುವ ಕೆಲಸವೂ ಹೊಸಬರಿಗೇ.

ನನಗೆ ಒಪ್ಪಿಗೆಯಾಗದ್ದು ‘ಅಡ್ಮಿನ್ ವಿನಾಯಿತಿ’. ರಾತ್ರಿ ಹನ್ನೊಂದಕ್ಕೆ ರಿಲೀಸ್ ಆತುರದಲ್ಲಿ ತಪಾಸಣೆ ದಾಟಿ ಕೋಡ್ ಸೇರಿಸುವವರು ಟ್ರೈನಿಗಳಲ್ಲ, ಆ ಅಧಿಕಾರ ಇರುವವರು. ವಿನಾಯಿತಿ ಬೇಕೇ ಬೇಕೆಂದರೆ ಇನ್ನೊಬ್ಬರ ಒಪ್ಪಿಗೆ ಇರಲಿ, ಕಾರಣ ದಾಖಲಾಗಲಿ. ನಿಯಮದ ಫೈಲನ್ನು ಬದಲಿಸಲು ಕೇಳುವ ಹಕ್ಕು ನಿನ್ನೆ ಸೇರಿದವರಿಗೂ ಇರಲಿ.