ಹಣದ ಹಾದಿಗೂ ಕಾವಲು ಬೇಕು

2005ರ ಫೆಬ್ರುವರಿಯಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯ ಪೊಲೀಸ್ ಶಿಬಿರದ ಮೇಲೆ ನಕ್ಸಲೀಯರು ದಾಳಿ ನಡೆಸಿ ಪೊಲೀಸರನ್ನು ಕೊಂದರು. ಬಂದೂಕಿನ ಹಿಂದೆ ಹಣವೂ ಇರುತ್ತದೆ. ಅದರ ಜಾಡು ಹಿಡಿಯುವ ರಾಷ್ಟ್ರೀಯ ವ್ಯವಸ್ಥೆ ಆಗಿನ್ನೂ ರೂಪುಗೊಳ್ಳುತ್ತಿತ್ತು. ಹಣಕಾಸು ಗುಪ್ತಚರ ಘಟಕ ಸ್ಥಾಪನೆಯಾದದ್ದು 2004ರ ನವೆಂಬರ್‌ನಲ್ಲಿ. 2002ರ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ ಜಾರಿಗೆ ಬಂದದ್ದು 2005ರ ಜುಲೈ 1ರಂದು.

ಹತ್ತು ಲಕ್ಷ ರೂಪಾಯಿ ಮೀರಿದ ನಗದು ವ್ಯವಹಾರವನ್ನೂ, ಮೊತ್ತ ಎಷ್ಟೇ ಇರಲಿ, ಸಂಶಯಾಸ್ಪದ ವ್ಯವಹಾರವನ್ನೂ ಬ್ಯಾಂಕುಗಳು ಇಂದು ಈ ಘಟಕಕ್ಕೆ ವರದಿ ಮಾಡಬೇಕು. ಭಾರತ 2010ರಲ್ಲಿ ಸದಸ್ಯತ್ವ ಪಡೆದ ಎಫ್‌ಎಟಿಎಫ್, 2024ರ ವರದಿಯಲ್ಲಿ ನಮ್ಮ ವ್ಯವಸ್ಥೆಯನ್ನು ಮೆಚ್ಚಿದೆಯಾದರೂ ವಿಚಾರಣೆಗಳ ವಿಳಂಬವನ್ನು ಎತ್ತಿ ತೋರಿಸಿದೆ.

ಆದರೆ ಅಕ್ರಮ ಹಣಕ್ಕೆ ಈಗ ಬೇಕಿರುವುದು ಬಡವರ ಹೆಸರಿನ ಬ್ಯಾಂಕ್ ಖಾತೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಂತಹ ಬರಪೀಡಿತ ತಾಲ್ಲೂಕುಗಳಲ್ಲಿ, ಪಾಸ್‌ಬುಕ್ಕನ್ನೂ ಎಟಿಎಂ ಕಾರ್ಡನ್ನೂ ಬಾಡಿಗೆಗೆ ಕೇಳುವವನ ಮುಂದೆ ಕೂಲಿಕಾರನೊಬ್ಬ ಗಟ್ಟಿಯಾಗಿ ನಿಲ್ಲಬಲ್ಲನೆ? ಸಿಕ್ಕಿಬೀಳುವವನು ಆತನೇ, ಹಣದ ನಿಜವಾದ ಒಡೆಯ ದೂರದಲ್ಲಿ ಸುರಕ್ಷಿತ.

ಆದ್ದರಿಂದ ಖಾತೆಯನ್ನು ಪರರಿಗೆ ಕೊಡುವುದರ ಅಪಾಯವನ್ನು ಪ್ರತಿ ಶಾಖೆಯೂ ಕನ್ನಡದಲ್ಲಿ ತಿಳಿಹೇಳಬೇಕು. ಗ್ರಾಹಕರ ಮುಖಪರಿಚಯವುಳ್ಳ ಸಿಬ್ಬಂದಿ ಅಲ್ಲಿರಬೇಕು. ತಡೆಹಿಡಿದ ಖಾತೆಯ ದೂರನ್ನು ತಾಲ್ಲೂಕು ಮಟ್ಟದಲ್ಲೇ ಕಾಲಮಿತಿಯೊಳಗೆ ಇತ್ಯರ್ಥಪಡಿಸಬೇಕು. ದೆಹಲಿಯ ಕಣ್ಗಾವಲು ಎಷ್ಟೇ ಚುರುಕಾಗಿರಲಿ, ಹಳ್ಳಿಯ ಖಾತೆದಾರನಿಗೆ ರಕ್ಷಣೆಯಿಲ್ಲದಿದ್ದರೆ ಕಾನೂನಿನ ಬಲೆಗೆ ಬೀಳುವುದು ಸಣ್ಣ ಮೀನುಗಳಷ್ಟೇ.