ತಾತನ ಲೆಕ್ಕದ ಪುಸ್ತಕ

ಮಕ್ಕಳೇ, ನನ್ನ ಲಿವರ್ ಕ್ಯಾನ್ಸರ್ ಮುಂದುವರಿದ ಹಂತದಲ್ಲಿದೆ. ಮಾತ್ರೆಯಿಂದ ಅಂಗೈ, ಅಂಗಾಲು ಉರಿ, ವಿಪರೀತ ಸುಸ್ತು. ಅದಕ್ಕಿಂತ ಕಷ್ಟವಾದದ್ದು ಮನೆಯವರ ಪಿಸುಮಾತು. ನಾನು ಬಂದರೆ ಎಲ್ಲರೂ ಸುಮ್ಮನಾಗುತ್ತಿದ್ದರು. ರಾತ್ರಿ ನನಗೆ ನಿದ್ದೆಯಿಲ್ಲ, ಹೇಳುತ್ತಲೂ ಇರಲಿಲ್ಲ.

ಒಂದು ಸಂಜೆ ಜಲಾಶಯದ ಏರಿ ಮೇಲೆ ಮೊಮ್ಮಗಳು ಕೇಳಿದಳು: “ತಾತ, ನಿಂಗೆ ಭಯ ಆಗುತ್ತಾ?”

“ಹೂಂ ಕಣೇ.”

ನಮ್ಮ ಮಾರ್ಕೋನಹಳ್ಳಿ ಅಣೆಕಟ್ಟಿನಲ್ಲಿ ಸೈಫನ್‌ಗಳಿವೆ. ಶಿಂಷಾ ನೀರು ಮಟ್ಟ ಮೀರಿದರೆ ಯಾರೂ ಗೇಟು ಎತ್ತಬೇಕಿಲ್ಲ, ತಾನಾಗಿ ಹೊರಗೆ ಹರಿಯುತ್ತದೆ. ನನಗೂ ಹಾಗೇ ಆಯಿತು. ಅತ್ತುಬಿಟ್ಟೆ.

ಆಮೇಲೆ ಡಾಕ್ಟರಿಗೂ ಹೇಳಿದೆ. ನೋವು, ನಿದ್ದೆ, ಚಿಂತೆ ನೋಡಿಕೊಳ್ಳುವ ಉಪಶಮನ ಚಿಕಿತ್ಸೆ ಕೊನೆಗಾಲಕ್ಕಷ್ಟೇ ಅಲ್ಲವಂತೆ; ಮಾತ್ರೆಯ ಜೊತೆಗೇ ಶುರುವಾಯಿತು.

ಈಗ ಮೊಮ್ಮಗಳು ದಿನಾ ಕೇಳಿ ಬರೆಯುತ್ತಾಳೆ. ಬ್ಯಾಂಕಿನವನಲ್ಲವೇ, ಸಂಜೆ ನೋಡಿ ಸಹಿ ಹಾಕುತ್ತೇನೆ. ನಿನ್ನೆ: ಹತ್ತಕ್ಕೆ ನೋವು 3, ನಿದ್ದೆ 5 ಗಂಟೆ, ಹಲಸಿನ ತೊಳೆ 2.